ಕಾಮಾಲೆಗೂ ಮುಂಚಿನ ಸೂಚನೆಗಳು

ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತಿನ ಮೇಲೆ ದಾಳಿ ಮಾಡುವ ಸ್ವಯಂನಿರೋಧಕ ಯಕೃತ್ತಿನ ಕಾಯಿಲೆಗಳಲ್ಲಿ ಕಾಮಾಲೆಯನ್ನೇ ಮೊದಲ ಲಕ್ಷಣವೆಂಬಂತೆ ವಿವರಿಸುವುದು ಪೂರ್ತಿ ಸರಿಯಲ್ಲ. ಕಣ್ಣು ಹಳದಿಯಾಗುವುದಕ್ಕೆ ತಿಂಗಳುಗಳ, ಕೆಲವರಲ್ಲಿ ವರ್ಷಗಳ ಮುಂಚೆಯೇ, ವಿಶ್ರಾಂತಿಯಿಂದಲೂ ನೀಗದ ಆಯಾಸ ಮತ್ತು ಕೀಲುನೋವು ಕಾಣಿಸಿಕೊಳ್ಳಬಹುದು. ಯಕೃತ್ತಿನೊಳಗಿನ ಸಣ್ಣ ಪಿತ್ತನಾಳಗಳು ಹಾಳಾಗುವ, ಬಹುಪಾಲು 40 ದಾಟಿದ ಮಹಿಳೆಯರಲ್ಲೇ ಕಂಡುಬರುವ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್‌ನಲ್ಲಿ, ಮೈಮೇಲೆ ಒಂದು ಗುಳ್ಳೆಯೂ ಇಲ್ಲದೆ, ಅನೇಕ ವೇಳೆ ಅಂಗೈ ಅಂಗಾಲುಗಳಲ್ಲಿ ಶುರುವಾಗಿ ರಾತ್ರಿ ಹೊತ್ತು ಹೆಚ್ಚುವ ತುರಿಕೆ ಇರಬಹುದು. ಇದನ್ನು ಅಲರ್ಜಿಯೆಂದೇ ಭಾವಿಸಿ ಮುಲಾಮು ಹಚ್ಚುತ್ತ ಕಾಲ ಕಳೆಯುವವರು ಕಡಿಮೆಯೇನಲ್ಲ. ರಕ್ತದಲ್ಲಿ ಪಿತ್ತನಾಳಗಳ ತೊಂದರೆಯನ್ನು ಸೂಚಿಸುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿದ್ದು, ದೇಹದ ಸ್ವಂತ ಜೀವಕೋಶಗಳ ಭಾಗವನ್ನೇ ಗುರಿಯಾಗಿಸುವ ಎಎಂಎ ಪ್ರತಿಕಾಯವೂ ಪತ್ತೆಯಾದರೆ ಸಾಮಾನ್ಯವಾಗಿ ಬಯಾಪ್ಸಿಯಿಲ್ಲದೆಯೇ (ಯಕೃತ್ತಿನ ಚೂರು ತೆಗೆದು ಪರೀಕ್ಷಿಸದೆಯೇ) ರೋಗ ನಿರ್ಣಯವಾಗುತ್ತದೆ. ಯಕೃತ್ತಿನ ಜೀವಕೋಶಗಳೇ ದಾಳಿಗೊಳಗಾಗಿ ಉರಿಯೂತವಾಗುವ ಆಟೋಇಮ್ಯೂನ್ ಹೆಪಟೈಟಿಸ್‌ನಲ್ಲಿ ಹಾಗಲ್ಲ. ಅಲ್ಲಿ ಎಎಲ್‌ಟಿ, ಎಎಸ್‌ಟಿ ಎಂಬ ಯಕೃತ್ತಿನ ಕಿಣ್ವಗಳು ಮತ್ತು ಐಜಿಜಿ ಎಂಬ ಪ್ರತಿಕಾಯದ ಪ್ರಮಾಣ ಏರಿರುವುದರ ಜೊತೆಗೆ ಬಯಾಪ್ಸಿಯೂ ಬೇಕಾಗುತ್ತದೆ.

ನಮ್ಮಲ್ಲಿ ಕಾಮಾಲೆಯೆಂದೊಡನೆ ನಾಟಿ ಔಷಧ ಹುಡುಕುವ ರೂಢಿಯಿರುವುದರಿಂದ ಇನ್ನೊಂದು ಅಂಶವನ್ನು ಹೇಳಲೇಬೇಕು. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಆಟೋಇಮ್ಯೂನ್ ಹೆಪಟೈಟಿಸ್‌ನ್ನೇ ಹೋಲುವ ಉರಿಯೂತವನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಆದ್ದರಿಂದ ಥೈರಾಯ್ಡ್‌ನಂತಹ ಬೇರೊಂದು ಸ್ವಯಂನಿರೋಧಕ ತೊಂದರೆ ಈಗಾಗಲೇ ಇರುವವರು ಕಷಾಯಕ್ಕೆ ಕೈಹಾಕುವ ಮುನ್ನ ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿಕೊಳ್ಳುವುದು ಒಳಿತು.