ಬುನಾದಿಯಾಗಲು ಒಲ್ಲದ ಬೇಸ್: ಫಿಲ್ ಲೆಶ್ ಅವರ ನೆನಪಿಗೆ

ಮಂದ್ರಸ್ವರಗಳ ವಾದ್ಯವಾದ ಬೇಸ್ ಗಿಟಾರಿನ ವಾದಕರೊಬ್ಬರು ತೀರಿಕೊಂಡಾಗ ಬರುವ ಶ್ರದ್ಧಾಂಜಲಿಗಳಲ್ಲಿ ‘ತಂಡದ ಬುನಾದಿ’ ಎಂಬ ಮಾತು ಸಾಮಾನ್ಯವಾಗಿ ತಪ್ಪುವುದಿಲ್ಲ. ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ರಾಕ್ ತಂಡದ ಬೇಸ್ ವಾದಕ ಫಿಲ್ ಲೆಶ್ 2024ರ ಅಕ್ಟೋಬರ್ 25ರಂದು, ತಮ್ಮ 84ನೆಯ ವಯಸ್ಸಿನಲ್ಲಿ ನಿಧನರಾದಾಗಲೂ ಆ ಮಾತು ನನ್ನ ಕಣ್ಣಿಗೆ ಬಿತ್ತು. ಬರೆದವರ ಗೌರವದ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಲೆಶ್ ಅವರ ಮಟ್ಟಿಗೆ ಅದು ಸಲ್ಲದ ಮಾತು. ಮೂವತ್ತು ವರ್ಷ ಒಂದೇ ತಂಡದಲ್ಲಿ ನುಡಿಸಿದ ಈ ಮನುಷ್ಯ ಬುನಾದಿಯಾಗಲು ಕೊನೆಯವರೆಗೂ ಒಪ್ಪಲಿಲ್ಲ ಎಂಬುದೇ ಅವರ ಹೆಚ್ಚುಗಾರಿಕೆ.

ರಾಕ್ ಸಂಗೀತದಲ್ಲಿ ಬೇಸ್‌ಗೆ ವಹಿಸಿದ ಕೆಲಸ ಸರಳವಾದದ್ದು. ಡ್ರಮ್ಮಿನ ದೊಡ್ಡ ಪೆಟ್ಟಿನೊಂದಿಗೆ ಕೂಡಿಕೊಂಡು, ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛವಾದ ಕಾರ್ಡ್‌ನ ಮೂಲಸ್ವರವನ್ನು ಮೊದಲ ಪೆಟ್ಟಿಗೇ ಇಟ್ಟುಕೊಟ್ಟರೆ, ಅದರ ಮೇಲೆ ಗಿಟಾರೂ ಹಾಡುಗಾರನೂ ನಿಶ್ಚಿಂತೆಯಿಂದ ನಿಲ್ಲಬಹುದು. ಲೆಶ್ ಇದನ್ನು ಮಾಡುತ್ತಲೇ ಇರಲಿಲ್ಲವೆಂದಲ್ಲ, ಆದರೆ ಅದನ್ನೇ ತಮ್ಮ ಉದ್ಯೋಗವೆಂದು ಬಗೆಯಲಿಲ್ಲ. ಅವರ ಸಾಲು ಪೆಟ್ಟಿಗಿಂತ ಒಂದಿಷ್ಟು ಮುಂದೆಯೋ ಹಿಂದೆಯೋ ಎತ್ತಿಕೊಳ್ಳುತ್ತದೆ, ಮೂಲಸ್ವರವನ್ನು ಬಿಟ್ಟು ಇನ್ನೆಲ್ಲಿಂದಲೋ ಮೇಲೇರುತ್ತದೆ, ತಂಡದ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ಅವರ ಗಿಟಾರ್ ಇಳಿಯುತ್ತಿರುವಾಗ ತಾನು ಏರುತ್ತ ನಡುದಾರಿಯಲ್ಲಿ ಅದನ್ನು ಎದುರುಗೊಳ್ಳುತ್ತದೆ. ಕೊನೆಗೊಮ್ಮೆ, ಕೇಳುಗರು ಅದರ ಆಸೆಯನ್ನೇ ಬಿಟ್ಟಿರುವ ಹೊತ್ತಿನಲ್ಲಿ, ಅತಿ ಮಂದ್ರದ ತಂತಿಯ ಮೇಲೆ ಪೂರ್ಣ ಬಲದಿಂದ ಮೂಲಸ್ವರಕ್ಕೆ ಬಂದು ಬೀಳುತ್ತದೆ. ಅಭಿಮಾನಿಗಳು ಇದನ್ನು ಫಿಲ್ ಅವರ ‘ಬಾಂಬ್’ ಎಂದು ಕರೆಯುತ್ತಿದ್ದರು. ಅದನ್ನು ಎದೆಗೂಡಿನಲ್ಲೇ ಅನುಭವಿಸಬೇಕೆಂದು ವೇದಿಕೆಯ ಅವರ ಬದಿಗೆ ಬಂದು ನಿಲ್ಲುವವರ ಒಂದು ವರ್ಗವೇ ಇತ್ತು.

ಈ ಸ್ವಭಾವದ ಮೂಲ ಅವರು ವಾದ್ಯಕ್ಕೆ ಬಂದ ದಾರಿಯಲ್ಲಿದೆ. 1940ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹುಟ್ಟಿದ ಲೆಶ್ ಬಾಲ್ಯದಲ್ಲಿ ಪಿಟೀಲು, ಆಮೇಲೆ ಟ್ರಂಪೆಟ್ ಕಲಿತರು. ಮುಂದೆ ಮಿಲ್ಸ್ ಕಾಲೇಜಿನಲ್ಲಿ ಇಟಲಿಯ ಸಂಯೋಜಕ ಲೂಚಾನೊ ಬೆರಿಯೊ ಅವರ ತರಗತಿಯಲ್ಲಿ ಕುಳಿತರು. ಅದೇ ತರಗತಿಯಲ್ಲಿದ್ದ ಸ್ಟೀವ್ ರೀಷ್ ಆಮೇಲೆ ಅಮೆರಿಕದ ಪ್ರಮುಖ ಸಂಯೋಜಕರಲ್ಲಿ ಒಬ್ಬರಾದರು. 1965ರಲ್ಲಿ ಗಾರ್ಸಿಯಾ ತಮ್ಮ ಹೊಸ ತಂಡಕ್ಕೆ ಬೇಸ್ ನುಡಿಸಲು ಕರೆದಾಗ ಲೆಶ್ ಆ ವಾದ್ಯವನ್ನು ನುಡಿಸಿದವರೇ ಅಲ್ಲ. ಇಪ್ಪತ್ತೈದರ ವಯಸ್ಸಿನಲ್ಲಿ, ಶಾಸ್ತ್ರೀಯ ಸಂಯೋಜಕ ಬಾಖ್‌ನನ್ನೂ ಜಾಝ್ ವಾದಕ ಜಾನ್ ಕೋಲ್ಟ್ರೇನ್‌ನನ್ನೂ ತಲೆಯಲ್ಲಿ ತುಂಬಿಕೊಂಡಿದ್ದ ಸಂಯೋಜಕನೊಬ್ಬ ನಾಲ್ಕು ತಂತಿಯ ವಾದ್ಯವನ್ನು ಕೈಗೆತ್ತಿಕೊಂಡ ಮೇಲೆ, ಬೇಸ್ ವಾದಕರು ಏನು ಮಾಡಬಾರದು ಎಂಬುದನ್ನು ಅವನಿಗೆ ತಿಳಿಸಿ ಹೇಳುವವರು ಯಾರೂ ಇರಲಿಲ್ಲ. ಒಂದು ಸ್ವರಸಾಲಿನ ಎದುರು ಅಷ್ಟೇ ಸ್ವತಂತ್ರವಾದ ಇನ್ನೊಂದನ್ನು ಹೆಣೆಯುವ ಪಾಶ್ಚಾತ್ಯ ಶಾಸ್ತ್ರೀಯ ಕ್ರಮವನ್ನು ಅವರು ರಾಕ್ ವೇದಿಕೆಗೆ ಹಾಗೆಯೇ ಹೊತ್ತು ತಂದರು.

ನನ್ನ ಮಾತನ್ನು ಪರೀಕ್ಷಿಸಬೇಕೆನ್ನುವವರಿಗೆ ಸಾಕ್ಷ್ಯದ ಕೊರತೆಯಿಲ್ಲ. ಗ್ರೇಟ್‌ಫುಲ್ ಡೆಡ್ ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಕಛೇರಿಗಳನ್ನು ಕೊಟ್ಟ ತಂಡ. ಕೇಳಲು ಬಂದವರು ಧ್ವನಿಮುದ್ರಿಸಿಕೊಳ್ಳುವುದನ್ನು ತಡೆಯುವ ಬದಲು 1984ರಿಂದ ಅವರಿಗೆಂದೇ ಜಾಗವನ್ನು ಕಾದಿರಿಸಿದ ತಂಡ. ಹೀಗಾಗಿ ಒಂದೇ ಹಾಡಿನ ನೂರಾರು ರೂಪಗಳು ಇಂದು ಕೇಳಲು ಸಿಗುತ್ತವೆ. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಕಛೇರಿಯನ್ನು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಗಿಟಾರನ್ನು ಮರೆತು ಬೇಸ್ ಒಂದನ್ನೇ ಹಿಂಬಾಲಿಸುತ್ತ ಕೇಳಿ ನೋಡಿ. ನಾನು ಹಾಗೆ ಕೇಳಿದ ಮೊದಲ ಸಲ ಅಷ್ಟು ದಿನ ಕೇಳಿದ್ದು ಅರ್ಧ ಸಂಗೀತವನ್ನು ಮಾತ್ರ ಎಂದು ನಾಚಿಕೆಯಾಯಿತು.

1974ರಲ್ಲಿ ಈ ತಂಡ ‘ವಾಲ್ ಆಫ್ ಸೌಂಡ್’ ಎಂಬ ಧ್ವನಿವ್ಯವಸ್ಥೆಯನ್ನು ಊರಿಂದೂರಿಗೆ ಹೊತ್ತು ತಿರುಗಿತು. ಆರು ನೂರರಷ್ಟು ಸ್ಪೀಕರ್‌ಗಳನ್ನು ವಾದಕರ ಬೆನ್ನ ಹಿಂದೆ ಗೋಡೆಯಂತೆ ಪೇರಿಸಿ, ಒಂದೊಂದು ವಾದ್ಯಕ್ಕೂ ಪ್ರತ್ಯೇಕ ಸ್ಪೀಕರ್‌ಗಳನ್ನು ಕೊಟ್ಟಿದ್ದರು. ಲೆಶ್ ಅವರ ಬೇಸ್‌ಗಂತೂ ಒಂದೊಂದು ತಂತಿಯ ನಾದವನ್ನೂ ಬೇರೆ ಬೇರೆ ಸ್ಪೀಕರ್‌ಗಳಿಗೆ ಕಳಿಸುವ ಏರ್ಪಾಡು ಇತ್ತು. ಬರಿಯ ಬುನಾದಿಯಾಗಿರುವ ವಾದ್ಯಕ್ಕೆ ಇದರ ಅಗತ್ಯವೇನು? ಖರ್ಚನ್ನು ತಾಳಲಾರದೆ ತಂಡ ಅದೇ ವರ್ಷ ಆ ಗೋಡೆಯನ್ನು ಕಳಚಿತು.

ಇದಕ್ಕೆಲ್ಲ ತೆರಬೇಕಾದ ಬೆಲೆಯೂ ಇತ್ತು, ಅದನ್ನು ಮುಚ್ಚಿಡುವುದು ಅಭಿಮಾನವಲ್ಲ. ಕೆಲವು ರಾತ್ರಿಗಳ ಧ್ವನಿಮುದ್ರಿಕೆಗಳಲ್ಲಿ ಹಾಡು ನೆಲ ಕಾಣದೆ ತೇಲಾಡುತ್ತದೆ. ಎಲ್ಲರೂ ಏಕಕಾಲದಲ್ಲಿ ಮಾತನಾಡುತ್ತಿರುವ ಸಭೆಯಂತೆ ಅದು ಆಯಾಸ ತರುತ್ತದೆ. ಲೆಶ್ ಅವರ ಕಂಠವೂ ಎಂದೂ ಪಳಗಿದ ಕಂಠವಾಗಿರಲಿಲ್ಲ, ಆದರೂ ‘ಫಿಲ್ ಹಾಡಲಿ’ ಎಂದು ಜನ ಕೂಗುತ್ತಿದ್ದರು. ಆ ಕೂಗಿನಲ್ಲಿದ್ದದ್ದು ಸಂಗೀತವಿಮರ್ಶೆಯಲ್ಲ, ಮನೆಯವರಲ್ಲಿ ಇರುವಂಥ ಸಲಿಗೆ.

ಅವರ ಬದುಕಿನ ಕೊನೆಯ ಇಪ್ಪತ್ತಾರು ವರ್ಷಗಳು ಇನ್ನೊಬ್ಬರು ಕೊಟ್ಟದ್ದು. ಹೆಪಟೈಟಿಸ್ ಸಿ ಸೋಂಕಿನಿಂದ ಯಕೃತ್ತು ಸೋತಿದ್ದಾಗ, 1998ರಲ್ಲಿ, ತೀರಿಕೊಂಡ ಯುವಕನೊಬ್ಬನ ಯಕೃತ್ತನ್ನು ಅವರಿಗೆ ಕಸಿ ಮಾಡಲಾಯಿತು. ಅಲ್ಲಿಂದಾಚೆಗೆ ಅವರು ಕಛೇರಿಗಳ ಕೊನೆಯಲ್ಲಿ ಮೈಕಿನ ಮುಂದೆ ನಿಂತು, ಆ ಯುವಕನನ್ನು ನೆನೆದು, ನೀವೂ ಅಂಗದಾನಕ್ಕೆ ಒಪ್ಪಿಗೆ ಕೊಡಿ, ಅದನ್ನು ನಿಮ್ಮ ಮನೆಯವರಿಗೆ ತಿಳಿಸಿಡಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡರು. ರಾಕ್ ಕಛೇರಿಯೊಂದರ ಉನ್ಮಾದ ಇನ್ನೂ ಇಳಿಯದಿರುವ ಹೊತ್ತಿನಲ್ಲಿ ಸಾವಿನ ಮಾತನ್ನು ಎತ್ತುವುದು ಸುಲಭವಲ್ಲ. ಅವರು ಅದನ್ನು ವರ್ಷಗಟ್ಟಲೆ ಬಿಡದೆ ಮಾಡಿದರು. ಇಲ್ಲಿ ನೆನಪಾಗುವ ಇನ್ನೊಂದು ಸಂಗತಿಯೆಂದರೆ, ಬೇಸ್ ಅನ್ನು ಇವರಷ್ಟೇ ಸ್ವತಂತ್ರವಾಗಿ ನುಡಿಸಿದ, ಇವರಂತೆಯೇ ಶಾಸ್ತ್ರೀಯ ತರಬೇತಿಯಿಂದ ಬಂದ, ಬ್ರಿಟನ್ನಿನ ಕ್ರೀಮ್ ರಾಕ್ ತಂಡದ ಜ್ಯಾಕ್ ಬ್ರೂಸ್ ಕೂಡ ಯಕೃತ್ತಿನ ಕಸಿ ಮಾಡಿಸಿಕೊಂಡವರು; ಅವರು ತೀರಿಕೊಂಡದ್ದು 2014ರಲ್ಲಿ, ಅದೇ ಅಕ್ಟೋಬರ್ 25ರಂದು.

ಕಸಿಯ ನಂತರ ಲೆಶ್ ಒಂದೇ ತಂಡವನ್ನು ಕಟ್ಟಿಕೊಂಡು ಕೂರಲಿಲ್ಲ. ‘ಫಿಲ್ ಲೆಶ್ ಅಂಡ್ ಫ್ರೆಂಡ್ಸ್’ ಎಂಬ ಹೆಸರಿನಲ್ಲಿ ವಾದಕರನ್ನು ಬದಲಿಸುತ್ತಲೇ ಹೋದರು. 2012ರಲ್ಲಿ ಪತ್ನಿಯೊಂದಿಗೆ ಸ್ಯಾನ್ ರಫೇಲ್‌ನಲ್ಲಿ ತೆರೆದ ಟೆರಾಪಿನ್ ಕ್ರಾಸ್‌ರೋಡ್ಸ್ ಎಂಬ ಉಪಾಹಾರಗೃಹದಲ್ಲಿ, ಎಪ್ಪತ್ತು ದಾಟಿದ ಮೇಲೆ, ತಮ್ಮ ಮಕ್ಕಳ ವಯಸ್ಸಿನವರ ಜೊತೆಗೂ ಕುಳಿತು ನುಡಿಸಿದರು. ಪ್ರಸಿದ್ಧರಾದವರು ಹಳೆಯ ಹಾಡುಗಳನ್ನು ಹಳೆಯ ಅಚ್ಚಿನಲ್ಲೇ ಒತ್ತಿ ಕೊಡುತ್ತ ಮುಪ್ಪನ್ನು ಕಳೆಯುವುದನ್ನು ಎಷ್ಟೋ ಸಲ ನೋಡಿರುವ ನನಗೆ, ಅದೇ ಹಾಡುಗಳು ಈ ಹೊಸ ಕೈಗಳಲ್ಲಿ ಏನಾಗುತ್ತವೆ ಎಂದು ಕಾದು ಕೇಳುವ ಆ ಕುತೂಹಲ ಅವರ ಯೌವನದ ಸಾಹಸಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಲೆಶ್ ಹೆಸರಿನೊಂದಿಗೆ ಎಲ್ಲರೂ ನೆನೆಯುವ ಹಾಡು 1970ರ ‘ಬಾಕ್ಸ್ ಆಫ್ ರೇನ್’. ಕ್ಯಾನ್ಸರಿನಿಂದ ಸಾವಿನ ಹತ್ತಿರವಿದ್ದ ತಂದೆಗೆ ಹಾಡಿ ಕೇಳಿಸಬೇಕೆಂದು ಅವರು ಇದರ ಧಾಟಿಯನ್ನು ಕಟ್ಟಿ, ಪದಗಳಿಲ್ಲದೆ ಗುನುಗಿ, ರಾಬರ್ಟ್ ಹಂಟರ್ ಅವರ ಕೈಗೆ ಕೊಟ್ಟರು. ಹಂಟರ್ ಸಾಹಿತ್ಯ ಬರೆದರು. ವಿಚಿತ್ರವೆಂದರೆ ಆಲ್ಬಮ್ಮಿನಲ್ಲಿರುವ ಈ ಹಾಡಿನಲ್ಲಿ ಬೇಸ್ ನುಡಿಸಿದವರು ಲೆಶ್ ಅಲ್ಲ, ಡೇವ್ ಟೋರ್ಬರ್ಟ್. ಲೆಶ್ ಅಕೌಸ್ಟಿಕ್ ಗಿಟಾರ್ ಹಿಡಿದು ಹಾಡಿದ್ದಾರೆ. 1995ರ ಜುಲೈ 9ರಂದು ಶಿಕಾಗೊದ ಸೋಲ್ಜರ್ ಫೀಲ್ಡ್‌ನಲ್ಲಿ ತಂಡ ಕೊನೆಯದಾಗಿ ನುಡಿಸಿದ ಹಾಡು ಇದೇ. ಒಂದು ತಿಂಗಳಲ್ಲಿ ಗಾರ್ಸಿಯಾ ತೀರಿಕೊಂಡರು. ಇಪ್ಪತ್ತು ವರ್ಷಗಳ ತರುವಾಯ, 2015ರ ಜುಲೈ 3ರಂದು, ಉಳಿದವರು ಅದೇ ಕ್ರೀಡಾಂಗಣದಲ್ಲಿ ವಿದಾಯದ ಕಛೇರಿಗಳಿಗೆಂದು ಸೇರಿದಾಗ ಮೊದಲು ಎತ್ತಿಕೊಂಡದ್ದೂ ಅದನ್ನೇ. ಹಾಡಿದವರು 75 ವರ್ಷದ ಲೆಶ್. ಬೇಸ್ ಆ ಸಲ ಅವರ ಕೈಯಲ್ಲೇ ಇತ್ತು.