ಮಕ್ಕಳಿಗೆ ಅರ್ಧ ಟಿಕೆಟ್, ದೋಣಿಗೆ ಡಬಲ್ ಲೋಡ್

ಬಸ್ಸಿನಲ್ಲಿ ಮಕ್ಕಳಿಗೆ ಅರ್ಧ ಟಿಕೆಟ್ ಅಲ್ವಾ, ಅದೇ ಲೆಕ್ಕವನ್ನು ಯಾರೋ ಪುಣ್ಯಾತ್ಮರು ದೋಣಿಗೂ ಹಾಕಿರಬೇಕು. ಇಲ್ಲದಿದ್ದರೆ 2024ರ ಜನವರಿ 18ರಂದು ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ 14 ಜನರ ದೋಣಿಗೆ ಹೆಚ್ಚುಕಮ್ಮಿ ಅದರ ದುಪ್ಪಟ್ಟು ಮಂದಿ, ಅದೂ ಪ್ರವಾಸಕ್ಕೆ ಬಂದ ಶಾಲೆ ಮಕ್ಕಳು ಮತ್ತು ಟೀಚರುಗಳು, ಹತ್ತಿದ್ದು ಹೇಗೆ? ಲೈಫ್ ಜಾಕೆಟ್ ಹಾಕಿದ್ದವರು 10 ಮಕ್ಕಳು ಮಾತ್ರ ಅಂತ ಆ ರಾಜ್ಯದ ಸಚಿವರೇ ಹೇಳಿದರು. ದೋಣಿ ಮಗುಚಿತು; 12 ಮಕ್ಕಳು, 2 ಟೀಚರುಗಳು ಮನೆಗೆ ವಾಪಸ್ ಬರಲಿಲ್ಲ.

ಕಾನೂನು ಇರಲಿಲ್ಲ ಅಂತೀರಾ? ಇತ್ತು ಸ್ವಾಮಿ. ಒಳನಾಡಿನ ನೀರಿನಲ್ಲಿ ಓಡುವ ದೋಣಿಗಳಿಗೆ ಬ್ರಿಟಿಷರು 1917ರಲ್ಲಿ ಮಾಡಿದ್ದನ್ನು ನೂರು ವರ್ಷ ಜೋಪಾನವಾಗಿ ಇಟ್ಟುಕೊಂಡು, 2021ರಲ್ಲಿ ಹೊಸ ಕಾಯ್ದೆ ತಂದೆವು. ನೋಂದಣಿ, ತಪಾಸಣೆ, ವಿಮೆ, ಎಲ್ಲ ಅದರಲ್ಲಿದೆ. ಜಾರಿ ಮಾಡುವ ಕೆಲಸ ರಾಜ್ಯಗಳದ್ದು. ರಾಜ್ಯ ಇಲಾಖೆಗೆ ಹೇಳುತ್ತದೆ, ಇಲಾಖೆ ಪಾಲಿಕೆಗೆ, ಪಾಲಿಕೆ ಗುತ್ತಿಗೆದಾರನಿಗೆ, ಅವನು ಟಿಕೆಟ್ ಹರಿಯುವ ಹುಡುಗನಿಗೆ. ಆ ಹುಡುಗನಿಗೆ ಗೊತ್ತಿರುವ ಕಾನೂನು ಒಂದೇ: "ಬೇಗ ಹತ್ತಿ, ಒಳಗೆ ಜರುಗಿ, ಜಾಗ ಇದೆ."

ದೋಣಿ ದುರಂತದ ವಿಷಯದಲ್ಲಿ ಕೇರಳದವರು ಎಲ್ಲರಿಗೂ ಸೀನಿಯರ್. 2002ರಲ್ಲಿ ಕುಮರಕಂ, 29 ಸಾವು, ಒಂದು ತನಿಖಾ ಆಯೋಗ. 2007ರಲ್ಲಿ ತಟ್ಟೇಕ್ಕಾಡ್, ಪ್ರವಾಸಕ್ಕೆ ಬಂದ 15 ಮಕ್ಕಳು, 3 ಟೀಚರುಗಳು, ಇನ್ನೊಂದು ಆಯೋಗ. 2009ರಲ್ಲಿ ತೇಕ್ಕಡಿ, 45 ಸಾವು, ಮತ್ತೊಂದು. ಇಷ್ಟೆಲ್ಲ ಓದಿಕೊಂಡ ಮೇಲೆ 2023ರಲ್ಲಿ ತಾನೂರಿನಲ್ಲಿ ಮೀನು ಹಿಡಿಯುವ ದೋಣಿಯನ್ನೇ ಟೂರಿಸ್ಟ್ ಬೋಟ್ ಮಾಡಿ ಓಡಿಸಿದರು. ಸತ್ತ 22 ಜನರಲ್ಲಿ 15 ಮಕ್ಕಳು. ಆಯೋಗ? ಬಂತು, ಕೇಳಬೇಕಾ! ಹಳೇ ವರದಿಗಳನ್ನು ಒಂದರ ಮೇಲೊಂದು ಕಟ್ಟಿದ್ದರೆ ಒಂದು ತೆಪ್ಪವಾದರೂ ಆಗುತ್ತಿತ್ತು.

ಶಾಲೆಯವರು ಪಾಪ ಕಾನೂನು ಚೆನ್ನಾಗಿ ತಿಳಿದವರು. ಪ್ರವಾಸಕ್ಕೆ ಮುಂಚೆ ಮನೆಗೆ ಬರುವ ಒಪ್ಪಿಗೆ ಪತ್ರ ನೋಡಿ. ಮಗು ದೋಣಿ ಹತ್ತುತ್ತಾ, ಈಜು ಬರುತ್ತಾ, ನೀರಿನ ಹತ್ತಿರ ಯಾರು ನಿಲ್ತಾರೆ, ಹುಡುಕಿದರೂ ಸಿಗಲ್ಲ. ಕೊನೇ ಸಾಲು ಮಾತ್ರ ತಪ್ಪಲ್ಲ: ಅನಾಹುತವಾದರೆ ಶಾಲೆ ಹೊಣೆಯಲ್ಲ. ನಮ್ಮಲ್ಲೂ 2024ರ ಡಿಸೆಂಬರಿನಲ್ಲಿ ಮುಳಬಾಗಿಲಿನಿಂದ ಮುರುಡೇಶ್ವರಕ್ಕೆ ಹೋದ 4 ಹುಡುಗಿಯರು ಸಮುದ್ರದ ಪಾಲಾದರು, ಆಮೇಲೆ ಬೀಚ್ ಮುಚ್ಚಿದರು. ಮೊದಲು ಮಕ್ಕಳು, ಆಮೇಲೆ ಕ್ರಮ, ಇದೇ ನಮ್ಮ ಸೀನಿಯಾರಿಟಿ ಪಟ್ಟಿ.

ಇನ್ನು ದಡದಲ್ಲಿ ಮೊಳೆಗೆ ನೇತುಹಾಕಿರುವ ಜಾಕೆಟ್ ಒಂದ್ಸಲ ಮುಟ್ಟಿ ನೋಡಿ. ಮಾಸಿದ ಕಿತ್ತಳೆ ಬಣ್ಣ, ಮುರಿದ ಕ್ಲಿಪ್ಪಿನ ಜಾಗದಲ್ಲಿ ಗೋಣಿ ದಾರ, ಅಳತೆ ದೊಡ್ಡವರದ್ದು. ಮೂರನೇ ಕ್ಲಾಸಿನ ಮಗುವಿಗೆ ತೊಡಿಸಿ ನೀರಿಗೆ ಬಿಟ್ಟರೆ ಜಾಕೆಟ್ ಸುರಕ್ಷಿತವಾಗಿ ತೇಲುತ್ತದೆ, ಮಗು ಕೆಳಗಿನಿಂದ ಜಾರುತ್ತದೆ. ತಪಾಸಣೆಯವರು ಜಾಕೆಟ್ ಇದೆಯಾ ಅಂತ ಟಿಕ್ ಹಾಕಿ ಹೋಗಿರುತ್ತಾರೆ. ಇದೆಯಲ್ಲ, ಸುಮ್ನೆ ಯಾಕೆ ತಕರಾರು?

ಹೊಸ ಕಾಯ್ದೆ, ಹೊಸ ಆಯೋಗ ಏನೂ ಬೇಡ. ಇರುವ ಕಾಯ್ದೆಗೇ ಒಂದು ಸಾಲು ಸೇರಿಸಿ: ಲೈಸೆನ್ಸಿಗೆ ಸಹಿ ಹಾಕಿದ ಸಾಹೇಬರು ಅದೇ ದಿನ, ಅದೇ ಗೋಣಿ ದಾರದ ಜಾಕೆಟ್ ಹಾಕಿಕೊಂಡು, 14 ಸೀಟಿನ ದೋಣಿಯಲ್ಲಿ 15ನೆಯವರಾಗಿ ಕೂತು ಕೆರೆಗೆ ಒಂದು ಸುತ್ತು ಹಾಕಬೇಕು.