ಆರು ಗಂಟೆಯ ಶೂಟ್‌ಗೆ ಇಪ್ಪತ್ತೈದು ಗಂಟೆಯ ದುಡಿಮೆ

ಫೋಟೋಗ್ರಫಿಯನ್ನೇ ಕಸುಬು ಮಾಡಿಕೊಳ್ಳಬೇಕೆನ್ನುವವರು ಮೊದಲು ಕೇಳುವುದು ಯಾವ ಕ್ಯಾಮೆರಾ, ಯಾವ ಲೆನ್ಸ್ ಅಂತ. ರೇಟ್ ಹೇಗೆ ಕಟ್ಟಬೇಕು ಅಂತ ಕೇಳುವವರು ಕಡಿಮೆ. ಒಳ್ಳೆಯ ಕಣ್ಣಿರುವ ಎಷ್ಟೋ ಹುಡುಗರು ಸೋತು ಕೈಬಿಡುವುದು ಇಲ್ಲೇ ಅನ್ನೋದು ನನ್ನ ಅಭಿಪ್ರಾಯ.

ಆರು ಗಂಟೆಯ ಒಂದು ಸಮಾರಂಭ ಅಂದುಕೊಳ್ಳಿ. ಕೈ ಬಿಗಿಹಿಡಿಯದೆ ಒತ್ತುತ್ತಾ ಹೋದರೆ 2,000 ಫ್ರೇಮ್ ಸಲೀಸಾಗಿ ಆಗುತ್ತದೆ. ಒಂದೊಂದಕ್ಕೆ 4 ಸೆಕೆಂಡ್ ಕೊಟ್ಟು ಆರಿಸಿದರೂ ಎರಡು ಗಂಟೆ ದಾಟಿತು. ಆರಿಸಿದ 400ಕ್ಕೆ ತಲಾ 2 ನಿಮಿಷದ ಎಡಿಟಿಂಗ್ ಅಂದರೆ ಹದಿಮೂರು ಗಂಟೆ. ಓಡಾಟ, ಮಾತುಕತೆ, ಬ್ಯಾಕಪ್, ಆಲ್ಬಂ ತಿದ್ದುಪಡಿ ಸೇರಿಸಿದರೆ 25ರ ಹತ್ತಿರ ಬರುತ್ತದೆ. ರೇಟ್ ಹೇಳಿದ್ದು ಮಾತ್ರ ಆರು ಗಂಟೆಗೆ! ವರ್ಷದ ಖರ್ಚನ್ನೆಲ್ಲ, ಅಂದರೆ ಸವೆಯುವ ಶಟರ್, ಬ್ಯಾಟರಿ, ಹಾರ್ಡ್ ಡಿಸ್ಕ್, ಸಾಫ್ಟ್‌ವೇರ್, ವಿಮೆ, ತೆರಿಗೆ, ನಿಮ್ಮ ಮನೆಖರ್ಚು ಎಲ್ಲ ಕೂಡಿಸಿ, ನಿಜವಾಗಿ ಸಿಗುವ ಕೆಲಸಗಳ ಸಂಖ್ಯೆಯಿಂದ ಭಾಗಿಸಿ. ಅದಕ್ಕಿಂತ ಕೆಳಗೆ ಇಳಿದರೆ ಕೈಯಿಂದ ಹಾಕಿ ದುಡಿದಂತೆ.

ಕಲಿಕೆಯೂ ಗಳಿಕೆಯೂ ಕೂಡುವುದು ಎಡಿಟಿಂಗ್ ಟೇಬಲ್ ಮುಂದೆ. ಬಿಟ್ಟ ಫೋಟೋಗಳನ್ನು ಅಳಿಸುವ ಮೊದಲು ಯಾಕೆ ಬಿಟ್ಟಿರಿ ಅಂತ ವಿಂಗಡಿಸಿ. ಓಡಾಡುವ ಜನ ಮಸುಕಾಗಿದ್ದರೆ ಶಟರ್ ವೇಗ 1/60 ಸೆಕೆಂಡ್ ಇರಬಹುದು. 1/250ಕ್ಕೆ ಏರಿಸಿ, ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿದರೆ ಏರಲಿ. ಅದರಿಂದ ಬರುವ ನಾಯ್ಸ್ (ಫೋಟೋದ ಮೇಲಿನ ಕಾಳುಕಾಳು) ತಗ್ಗಿಸಬಹುದು, ಅಲುಗಾಡಿದ ಮುಖವನ್ನು ಸರಿಮಾಡುವುದು ಕಷ್ಟ. ಎರಡು ಸಾಲಿನ ಗ್ರೂಪ್‌ನಲ್ಲಿ ಹಿಂದಿನ ಸಾಲು ಫೋಕಸ್ ತಪ್ಪಿದ್ದರೆ ಲೆನ್ಸ್‌ನ ಕಿಂಡಿ (ಅಪರ್ಚರ್) ಕಿರಿದು ಮಾಡಿ, ಎಫ್/1.8 ಬಿಟ್ಟು ಎಫ್/5.6ಕ್ಕೆ ಹೋಗಿ. ಎರಡಕ್ಕೂ ಹೊಸ ಲೆನ್ಸ್ ಬೇಕಿಲ್ಲ.

ಎಲ್‌ಇಡಿ ದೀಪದ ಕೆಳಗೆ ಫೋಟೋದ ಅಡ್ಡಕ್ಕೆ ಕಪ್ಪು ಪಟ್ಟೆ ಬೀಳುವುದು ಈಗ ದೊಡ್ಡ ತಲೆನೋವು. ವಿದ್ಯುತ್ 50 ಹರ್ಟ್ಜ್ ಇರುವಲ್ಲಿ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸೈಲೆಂಟ್ ಮೋಡ್‌ನಲ್ಲಿ, ಅಂದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ, ಹೆಚ್ಚಿನ ಸೆನ್ಸರ್‌ಗಳು ಸಾಲುಸಾಲಾಗಿ ಓದುವುದರಿಂದ ಆ ಮಿನುಗು ಪಟ್ಟೆಯಾಗಿ ಕೂರುತ್ತದೆ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ, 1/100 ಇಟ್ಟು ನೋಡಿ. 60 ಹರ್ಟ್ಜ್ ಇರುವಲ್ಲಿ 1/120 ಅಥವಾ 1/125. ಕಾರ್ಯಕ್ರಮ ಶುರುವಾಗುವ ಮೊದಲೇ ಹತ್ತು ಟೆಸ್ಟ್ ಶಾಟ್ ತೆಗೆದು ಝೂಮ್ ಮಾಡಿ ನೋಡಿ. ಹಾಗೆಯೇ ಆಟೋ ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ತಾನೇ ಬಣ್ಣ ಹೊಂದಿಸುವುದು) ಬಿಟ್ಟು, ಬೆಳಕಿನ ಬಣ್ಣದ ಅಳತೆಯಾದ ಕೆಲ್ವಿನ್ ಸಂಖ್ಯೆಯನ್ನು ಲಾಕ್ ಮಾಡಿದರೆ ಒಂದು ಫೋಟೋಗೆ ಮಾಡಿದ ಬಣ್ಣದ ತಿದ್ದುಪಡಿ ಅದೇ ಬೆಳಕಿನ ನೂರಕ್ಕೆ ಒಂದೇ ಸಲ ಕೂರುತ್ತದೆ. ಎಡಿಟಿಂಗ್‌ನ ಆ ಹದಿಮೂರು ಗಂಟೆ ಇಳಿಯುವುದು ಹೀಗೆ.

ಎರಡು ಕಾರ್ಡ್ ಸ್ಲಾಟ್ ಇದ್ದರೆ ಎರಡರಲ್ಲೂ ಬರೆಸಿ. ಎರಡು ಬೇರೆ ಡ್ರೈವ್‌ಗೆ ಕಾಪಿಯಾಗಿ, ಫೈಲ್ ತೆರೆದು ನೋಡುವ ತನಕ ಕಾರ್ಡ್ ಫಾರ್ಮ್ಯಾಟ್ ಬೇಡವೇ ಬೇಡ.

ಇನ್ನು ಒಪ್ಪಂದ. ಒಂದು ಪುಟ ಸಾಕು, ಆದರೆ ಬರಹದಲ್ಲಿರಲಿ: ಎಷ್ಟು ಫೋಟೋ, ಯಾವ ತಾರೀಖಿಗೆ, ಅಡ್ವಾನ್ಸ್ ಎಷ್ಟು, ರಾ ಫೈಲ್ (ಎಡಿಟ್ ಮಾಡದ ಮೂಲ ಫೈಲ್) ಕೊಡುತ್ತೀರೋ ಇಲ್ಲವೋ, ಆಲ್ಬಂ ತಿದ್ದುಪಡಿ ಎಷ್ಟು ಸಲ. ಕೊನೆಯದನ್ನು ಬರೆಯದೆ ಬಿಟ್ಟರೆ ಆಲ್ಬಂ ತಿಂಗಳುಗಟ್ಟಲೆ ಮುಗಿಯುವುದಿಲ್ಲ, ಬಾಕಿ ಹಣವೂ ಅಲ್ಲೇ ನಿಲ್ಲುತ್ತದೆ. ಎರಡು ಸಲ ಉಚಿತ, ಮೂರನೆಯದಕ್ಕೆ ಹಣ ಅಂತ ಮೊದಲೇ ಹೇಳಿಬಿಡಿ.